ಬೀದಿಯಲ್ಲಿ ಮಲಗಿದ್ದ ಕೂಸು

ಅವ್ವ,

ನೀನು ತೀರಿಹೋದ ಮೇಲೆ ಮೊದಲ ಸಲ ದೂರದ ಊರಿಗೆ ಬಂದಿದ್ದೇನೆ, ಕೋಪನ್‌ಹೇಗನ್ನಿಗೆ. ಇಲ್ಲಿನ ಒಂದು ಕಾಫಿಯ ದುಡ್ಡಿಗೆ ಮದ್ದೂರಿನಲ್ಲಿ ಮನೆಮಂದಿಯೆಲ್ಲ ಹೊಟ್ಟೆ ತುಂಬ ಉಣ್ಣಬಹುದು. ಹಾಗಾಗಿ ಬೆಳಿಗ್ಗೆ ಹೋಟೆಲೊಂದರ ಹೊರಗೆ ಬೆಂಚಿನ ಮೇಲೆ ಕೂತು, ಬ್ರೆಡ್ಡಿಗೆ ಹುಚ್ಚೆಳ್ಳು ಚಟ್ನಿಪುಡಿ ಹಾಕಿಕೊಂಡು ತಿನ್ನುತ್ತಿದ್ದೆ.

ಪಕ್ಕದಲ್ಲೇ ತಳ್ಳುಗಾಡಿಯಲ್ಲಿ ಒಂದು ಕೂಸು ಮಲಗಿತ್ತು. ಆ ಚಳಿಯಲ್ಲಿ, ಬೀದಿಯಲ್ಲಿ, ಹತ್ತಿರ ಯಾರೂ ಇಲ್ಲ. ಎಂಥ ತಾಯಿ ಇವಳು ಅಂತ ಸಿಟ್ಟು ಬಂತು. ಯಾರಾದರೂ ಎತ್ತಿಕೊಂಡು ಹೋದಾರೆಂದು ಕಾವಲು ನಿಂತೆ. ಮುಲುಗಿದಾಗ ಗಾಡಿ ತೂಗಿ ಜೋಗುಳವನ್ನೂ ಹಾಡಿದೆ.

ಸ್ವಲ್ಪ ಹೊತ್ತಿಗೆ ತಾಯಿ ಹೋಟೆಲಿನಿಂದ ಹೊರಗೆ ಬಂದಳು. ಗಾಜಿನಾಚೆಯಿಂದ ಎಲ್ಲ ನೋಡುತ್ತಿದ್ದಳಂತೆ. "ಇಲ್ಲಿ ಕೂಸುಗಳನ್ನು ಹೀಗೇ ಹೊರಗೆ ಮಲಗಿಸುತ್ತೇವೆ, ತಣ್ಣನೆ ಗಾಳಿಗೆ ಚೆನ್ನಾಗಿ ನಿದ್ದೆ ಮಾಡುತ್ತವೆ" ಅಂದಳು. ಕಾದಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದಳು.

ಕಾಫಿ ಕುಡಿಯುತ್ತಾ ನಮ್ಮೂರ ಗದ್ದೆ ಬದುವಿನ ಹೊಂಗೆಮರ ನೆನಪಾಯಿತು. ನೀನು ಕೂಲಿಗೆ ನಾಟಿ ಹಾಕುವಾಗ ಅದರ ಕೊಂಬೆಗೇ ಸೀರೆಯ ತೊಟ್ಟಿಲು ಕಟ್ಟಿ ನನ್ನನ್ನು ಮಲಗಿಸುತ್ತಿದ್ದೆಯಂತೆ. "ಮಗೀನ ಮರುಕ್ಕೆ ನೇತಾಕ್ಬುಟ್ಟು ಬಂದವ್ಳೆ" ಅಂತ ಹೊಂಬಾಳತ್ತೆ ಬೈದರೆ, "ಕೈ ಪೈರಿನ ಮ್ಯಾಲವೆ, ಕಣ್ಣು ತೊಟ್ಲ ಮ್ಯಾಲೇ ಅವೆ ಕಣಕ್ಕ" ಅಂದೆಯಂತೆ. ಅತ್ತೆ ಅದನ್ನು ಹೇಳಿದಾಗಲೆಲ್ಲ ನಾನು ನಗುತ್ತಿದ್ದೆ, ಅಷ್ಟೇ.

ನಾನು ಕಾದದ್ದು ಎರಡು ಬ್ರೆಡ್ಡು ತಿನ್ನುವಷ್ಟು ಹೊತ್ತು. ನೀನು ಬಗ್ಗಿದ ಸೊಂಟ ಎತ್ತಿ ದಿನಕ್ಕೆ ಎಷ್ಟು ಸಲ ಆ ಮರದ ಕಡೆ ತಿರುಗಿದ್ದೆಯೋ, ಕೇಳಲೇ ಇಲ್ಲ. ಕೇಳಿದ್ದರೆ ನೀನು, "ಯಾರು ಎಣಿಸ್ತಾ ಕೂತಿದ್ರು, ಬುಡು" ಅನ್ನುತ್ತಿದ್ದೆ.