ಬಾಯಿ ಬಿಡುವ ಪಾಠ

೮ ಜನವರಿ ೧೯೫೫, ಶನಿವಾರ

ಮತ್ತೆ ಅದೇ ಗೋಳು. ಶನಿವಾರದ ಕೊನೆಯ ಪೀರಿಯಡ್. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋಗದ ಮಕ್ಕಳನ್ನು ಕೆಲಸಕ್ಕೆ ತಯಾರು ಮಾಡಬೇಕಂತೆ. ದಸರಾ ಕಳೆದ ಮೇಲೆ ಹೆಡ್‌ಮಾಸ್ಟರ್ ಚನ್ನಮಲ್ಲಪ್ಪನವರು ನನ್ನ ತಲೆಗೆ ಕಟ್ಟಿದ್ದು. "ಎಲ್ರಿಗೂ ಮಡಿಕೇರೀಲಿ ಗುಮಾಸ್ತೆ ಕೆಲಸವೇ ಬೇಕು ಸುಮಿತ್ರಮ್ಮ. ನಮ್ಮ ಕೊಡಗು ರಾಜ್ಯ ಇರೋದೇ ಅಂಗೈಯಗಲ. ಅಷ್ಟು ಕುರ್ಚಿ ಎಲ್ಲಿಂದ ತರೋದು? ನೀವೇ ಏನಾದ್ರೂ ಮಾಡಿ." ನಾನೇ ಏಕೆ? ಗಂಡಸು ಮೇಷ್ಟರುಗಳಿಗೆ ಊರಿನ ಬಸ್ಸು ತಪ್ಪುತ್ತದೆ. ನನಗೆ ಸಂಸಾರವಿಲ್ಲವಲ್ಲ...

ಇವತ್ತು ಸುಳ್ಳು ಇಂಟರ್‌ವ್ಯೂ ಮಾಡಿಸಿದೆ. ನಾನು ಎಸ್ಟೇಟ್ ಮ್ಯಾನೇಜರ್, ಅವರು ಕೆಲಸ ಕೇಳಿಕೊಂಡು ಬಂದವರು. ಪುಟ್ಟರಾಜು ಬಂದವನೇ ಕುರ್ಚಿ ಎಳೆದು ಕುಳಿತ.

"ಏನಪ್ಪ ಕೆಲಸ ಬರುತ್ತೆ ನಿಂಗೆ?"

"ಯಾವುದಾದ್ರೂ ಆಯ್ತು ಟೀಚರ್. ಕೂತ್ಕೊಂಡು ಮಾಡೋದಾಗಿರ್ಬೇಕು ಅಷ್ಟೆ."

ಆಮೇಲೆ ಕಾಳಮ್ಮ. ಕೂಡಿಗೆ ಕಡೆಯ ರೈತರ ಹುಡುಗಿ, ಹಾಸನದಿಂದ ಬಂದು ನೆಲೆಸಿದವರು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. ಹೆಸರು ಕೇಳಿದೆ. ತುಟಿ ಅಲ್ಲಾಡಿತು. ಸದ್ದು ಮಾತ್ರ ಬರಲಿಲ್ಲ. ಮತ್ತೆ ಕೇಳಿದೆ. ಕಾಲ ಹೆಬ್ಬೆರಳು ನೋಡುತ್ತಾ ನಿಂತಳು. ಈ ಹುಡುಗಿಗೆ ಯಾವ ದೇವರು ಕೆಲಸ ಕೊಡುತ್ತಾನೆ?

ತಲೆನೋವು. ಶುಂಠಿ ಕಾಫಿ ಕುಡಿದರೂ ಇಳಿದಿಲ್ಲ.

೨೨ ಜನವರಿ, ಶನಿವಾರ

ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದೆ — ಕಂಡದ್ದನ್ನು ಹೇಳಿ. ಮುಖ ನೋಡಿ ಹೇಳಿ. ಕೇಳುವಂತೆ ಹೇಳಿ.

ಕಾಳಿಯನ್ನು ಬಾವಿಯ ಹತ್ತಿರ ನಿಲ್ಲಿಸಿ ನಾನು ಮೈದಾನದ ಆಚೆ ಕೊನೆಗೆ ಹೋದೆ. "ಇಲ್ಲಿಗೆ ಕೇಳಿಸ್ಬೇಕು. ಅಲ್ಲೀತನಕ ಮನೆಗೆ ಬಿಡಲ್ಲ." ಬಿಸಿಲು ನೆತ್ತಿ ಸುಡುತ್ತಿತ್ತು. ಹುಡುಗರು ನಗುತ್ತಿದ್ದರು. ಅವಳು ಅಳುತ್ತಿದ್ದಳು. ನನಗೂ ಸಾಕಾಗಿ, "ಹೋಗು ಹಾಗಾದ್ರೆ, ಮೂಕಿ ಹಾಗೇ ಇರು" ಎಂದು ಕೂಗಿದೆ. ಆಗ ಬಂತು ನೋಡಿ, "ನನ್ನ ಹೆಸರು ಕಾಳಮ್ಮ!" ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನು ಎತ್ತು ನಿಲ್ಲಿಸಿ ತಿರುಗಿ ನೋಡಿದ.

ಸದ್ಯ.

೧ ಫೆಬ್ರವರಿ

ಕಾಳಿಯ ಅಪ್ಪ ಸಣ್ಣಸ್ವಾಮಿ ಸ್ಕೂಲಿಗೇ ಬಂದ. ಹೆಗಲ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದ. ಮರ್ಯಾದೆಗೇನೂ ಕಡಿಮೆಯಿಲ್ಲ. ಮಾತು ಮಾತ್ರ ಖಾರ.

"ಏನ್ ಕಲಿಸ್ತಾ ಇದೀರಿ ಟೀಚರಮ್ಮ? ಮನೇಲಿ ಎದುರುತ್ತರ ಕೊಡ್ತಾಳೆ. ನಾಳೆ ಕೊಟ್ಟ ಮನೇಲೂ ಹಿಂಗೇ ಮಾಡಿದ್ರೆ ಉಗಿಸ್ಕೊಳ್ಳೋರು ನಾವು."

"ಏನಂದಳು?"

"ತಮ್ಮನಿಗೆ ಮೊಟ್ಟೆ ಹಾಕಿ ತನಗೆ ಯಾಕೆ ಹಾಕ್ಲಿಲ್ಲ ಅಂತ ಅವರವ್ವನ್ನ ಕೇಳವ್ಳೆ."

ನಗು ಬಂತು. ನಗಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಬಿಡಪ್ಪ ಎಂದು ಬೇಡಿಕೊಂಡೆ. ಬೇಡಿಕೊಳ್ಳುವುದೂ ನನ್ನ ಟೈಂಟೇಬಲ್ಲಿನಲ್ಲಿ ಸೇರಿದೆಯೇನೋ.

೧೧ ಜೂನ್

ರಿಸಲ್ಟ್ ಬಂತು. ಕಾಳಿ ಪಾಸು. ಪುಟ್ಟರಾಜು ಇಂಗ್ಲಿಷಿನಲ್ಲಿ ಡುಮ್ಕಿ. ಅದಕ್ಕೆ ಬೇಸರವೇ ಇಲ್ಲ ಮಹಾರಾಯನಿಗೆ! ಆಗಲೇ ಬಸ್ಸಿನವರ ಟಿಕೆಟ್ ಕಿಟಕಿಯಲ್ಲಿ ಸೇರಿಕೊಂಡಿದ್ದಾನೆ. "ಕುರ್ಚಿ ಸಿಕ್ತು ಟೀಚರ್" ಎಂದು ಕಿಟಕಿಯಿಂದಲೇ ಕೂಗಿದ.

ಕಾಳಿಗೆ ಏನೂ ಇಲ್ಲ. ಮನೆಯಲ್ಲಿ ಗಂಡು ಹುಡುಕುತ್ತಿದ್ದಾರಂತೆ.

೫ ನವೆಂಬರ್, ಶನಿವಾರ

ಸುಂಟಿಕೊಪ್ಪದ ದಾರಿಯ ಒಂದು ಎಸ್ಟೇಟಿನಿಂದ ಹೆಡ್‌ಮಾಸ್ಟರಿಗೆ ಹೇಳಿಕಳಿಸಿದ್ದಾರೆ. ಹೊಸ ಕಾನೂನಂತೆ. ತಾಯಂದಿರು ಕಾಫಿ ಹಣ್ಣು ಕೊಯ್ಯುವಾಗ ಅವರ ಮಕ್ಕಳನ್ನು ನೋಡಿಕೊಳ್ಳಲು ಕೂಲಿಯವರ ಲೈನಿನ ಮನೆಗಳ ಹತ್ತಿರ ಒಂದು ಮಕ್ಕಳ ಮನೆ ಇರಲೇಬೇಕು. ಅದಕ್ಕೆ ಓದುಬರಹ ಬಲ್ಲ ಹುಡುಗಿ ಬೇಕು.

ಸಣ್ಣಸ್ವಾಮಿಯ ಮನೆಗೆ ನಡೆದು ಹೋದೆ. ಹಾಕಿಕೊಂಡು ಹೋದ ಚಪ್ಪಲಿ ಗದ್ದೆಯ ಕೆಸರಿನಲ್ಲಿ ಕಿತ್ತುಹೋಯಿತು. ಅವನು ಅಗಿಯುತ್ತಿದ್ದ ಅಡಿಕೆಯನ್ನು ಅಂಗಳಕ್ಕೆ ಉಗಿದು ಬಂದ. ಆಮೇಲೆ, "ಮದುವೆ ಗೊತ್ತಾಗೋ ತನಕ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರ್ಬೇಕು" ಎಂದ. ಒಳಗಿನಿಂದ ಕಾಳಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೊರಡುವಾಗ ನನ್ನ ಕಿತ್ತ ಚಪ್ಪಲಿ ತೊಳೆದು ಬಾಳೆನಾರಿನಲ್ಲಿ ಕಟ್ಟಿ ತಂದಿಟ್ಟಳು.

ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಮನೆ ಸೇರಿದೆ. ಖುಷಿಯಾಗಿಯೇ.

೧೨ ಡಿಸೆಂಬರ್, ಸಂಜೆ

ಕಾಳಿ ಬಾಗಿಲಲ್ಲಿ ನಿಂತಿದ್ದಳು. ಕೆಲಸ ಹೋಯಿತಂತೆ.

ಆದದ್ದು ಇಷ್ಟು. ಮಕ್ಕಳಿಗೆಂದು ಎಸ್ಟೇಟಿನ ಕೊಟ್ಟಿಗೆಯಿಂದ ದಿನಾ ಒಂದು ಕ್ಯಾನು ಹಾಲು ಬರಬೇಕು. ಅದು ಮೊದಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆಗೆ ಹೋಗುತ್ತದೆ. ಮಕ್ಕಳ ಮನೆಗೆ ಬರುವ ಹೊತ್ತಿಗೆ ಅದು ಹಾಲಲ್ಲ, ಹಾಲು ತೊಳೆದ ನೀರು. ಇವತ್ತು ಮ್ಯಾನೇಜರ್ ಮಕ್ಕಳ ಮನೆ ನೋಡಲು ಬಂದಿದ್ದಾರೆ. ರೈಟರೂ ಜೊತೆಗಿದ್ದ. ಎಲ್ಲ ಸರಿಯಾಗಿದೆಯಾ ಎಂದು ಕೇಳಿದ್ದಾರೆ. ಈ ಪುಣ್ಯಾತ್ಗಿತ್ತಿ ಲೋಟದಲ್ಲಿ ಅದನ್ನು ಹೊಯ್ದು ಅವರ ಮುಂದೆ ಹಿಡಿದು, "ಇದನ್ನ ನೀವೇ ಕುಡಿದು ನೋಡಿ ಸಾರ್. ಹಾಲೆಲ್ಲ ರೈಟರ್ ಮನೇಲಿದೆ" ಎಂದಿದ್ದಾಳೆ. ಲೈನಿನ ಹೆಂಗಸರೆಲ್ಲ ನೋಡುತ್ತಿದ್ದಾರೆ!

ಮೈಯೆಲ್ಲ ಉರಿಯಿತು ನನಗೆ.

"ಬುದ್ಧಿ ಇದೆಯೇನೇ? ಸೇರಿ ತಿಂಗಳಾಯ್ತಷ್ಟೆ, ಯಾರು ಹೇಳಿದ್ರು ನಿಂಗೆ ಬಾಯಿ ಬಿಡು ಅಂತ?"

"ನೀವೇ ಟೀಚರ್."

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೆ. ಮುಖ ನೋಡಿ. ಕೇಳುವಂತೆ.

ಅವಲಕ್ಕಿ ಕಲಸಿ ಕೊಟ್ಟೆ. ಒಂದು ತುತ್ತೂ ಮುಟ್ಟಲಿಲ್ಲ.

೧೪ ಡಿಸೆಂಬರ್

ಹೆಡ್‌ಮಾಸ್ಟರ್ ಕೊಠಡಿ. ಬಾಗಿಲು ಹಾಕಿಸಿದರು.

"ಇನ್ನು ಯಾವ ಎಸ್ಟೇಟಿನವ್ರು ನಮ್ಮ ಮಕ್ಕಳನ್ನ ತಗೋತಾರೆ ಹೇಳಿ? ಕೆಲಸ ಕಲಿಸಿ ಅಂದ್ರೆ ಜಗಳ ಕಲಿಸಿದೀರಿ."

"ಮಕ್ಕಳ ಹಾಲು ಸಾರ್..."

"ಹಾಲು ನಿಮ್ಮ ಸಬ್ಜೆಕ್ಟಾ? ಶನಿವಾರ ನೀವೇ ಕರ್ಕೊಂಡು ಹೋಗಿ ತಪ್ಪಾಯ್ತು ಅನ್ನಿಸಿ. ಇಲ್ಲ ಅಂದ್ರೆ ನಿಮ್ಮನ್ನ ಆ ಕಾಡುಮೂಲೆ ಕರಿಕೆಗೆ ವರ್ಗ ಮಾಡಿಸ್ತೀನಿ. ಅಲ್ಲಿ ಜಿಗಣೆಗಳಿಗೆ ಭಾಷಣ ಕಲಿಸಿ."

ಆಗಲಿ ಎಂದೆ. ಕರಿಕೆಗೆ ಹೆದರಿ ಅಲ್ಲ. ಕಾಳಿಯ ಕೆಲಸ ಉಳಿದರೆ ಸಾಕು ಅನ್ನಿಸಿತ್ತು. ಒಂದು ಮಾತು ತಾನೇ. ಹೇಳಿದರೆ ಮುಗಿಯಿತು.

೧೭ ಡಿಸೆಂಬರ್, ಶನಿವಾರ

ಬಸ್ಸಿನಲ್ಲಿ ಉದ್ದಕ್ಕೂ ಕಾಳಿಯನ್ನು ಬೈದುಕೊಂಡು ಹೋದೆ. ಎಲ್ಲಿ ಮಾತಾಡಬೇಕು, ಎಲ್ಲಿ ಮಾತಾಡಬಾರದು... ಕಾಳಿ ಕಿಟಕಿಯ ಆಚೆ ನೋಡುತ್ತಿದ್ದಳು. ಎಸ್ಟೇಟಿನ ಗೇಟಿನ ಹತ್ತಿರ ಮಾತ್ರ ಹೇಳಿದಳು, "ಕೂಗಿದ್ದಕ್ಕೆ ತಪ್ಪಾಯ್ತು ಅಂತೀನಿ ಟೀಚರ್. ಹಾಲಿಗೆ ಅನ್ನಲ್ಲ."

ಬಂಗಲೆಯ ವರಾಂಡದಲ್ಲಿ ನಿಲ್ಲಿಸಿದರು. ಕುರ್ಚಿಗಳು ಖಾಲಿ ಇದ್ದವು. ಕೂತುಕೊಳ್ಳಿ ಎನ್ನಲಿಲ್ಲ. ರೈಟರ್ ಕಂಬಕ್ಕೆ ಒರಗಿ ನಗುತ್ತಿದ್ದ. "ನಿಮ್ಮ ಹುಡುಗೀಗೆ ಬಾಯಿ ಸ್ವಲ್ಪ ಜಾಸ್ತಿ ಟೀಚರೇ."

ಮ್ಯಾನೇಜರ್ ಒಳ್ಳೆಯ ಮಾತಿನವರು. ಅದೇ ಕಷ್ಟ. "ಒಂದ್ಸಲ ತಪ್ಪಾಯ್ತು ಅಂದ್ಬಿಡಮ್ಮ, ಸೋಮವಾರದಿಂದ ಬಾ. ಹಾಲಿನ ವಿಷಯ ಇನ್ಮೇಲೆ ಎತ್ತೋದು ಬೇಡ."

ಕಾಳಿ ನನ್ನ ಮುಖ ನೋಡಿದಳು. ಹೂಂ ಎಂದು ತಲೆಯಾಡಿಸಿದರೆ ಹೇಳಿಯೇ ಬಿಡುತ್ತಿದ್ದಳು, ಅದು ನನಗೆ ಗೊತ್ತು. ತಲೆಯಾಡಿಸಲೆಂದೇ ಅಷ್ಟು ದೂರ ಹೋದವಳು ನಾನು. ಕೆಳಗೆ ಲೈನಿನಿಂದ ಒಂದು ಮಗು ಒಂದೇ ಸಮನೆ ಅಳುವುದು ಕೇಳುತ್ತಿತ್ತು. ಯಾಕೆ ಅಳುತ್ತಿತ್ತೋ... ಹಸಿವಿಗೇ ಇರಬೇಕೆಂದೇನೂ ಇಲ್ಲ.

"ಹಾಲು ಯಾರ ಮನೆಗೆ ಹೋಗುತ್ತೆ ಸಾರ್?" ನನ್ನದೇ ದನಿ. ಅಷ್ಟು ಗಟ್ಟಿಯಾಗಿ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

ರೈಟರ್ ನಗು ನಿಲ್ಲಿಸಿದ. ಮ್ಯಾನೇಜರ್ ಎದ್ದು, "ನೀವು ಹೋಗಬಹುದು" ಎಂದರು.

ಬರುವಾಗ ಬಸ್ಸಿಲ್ಲ. ಸುಂಟಿಕೊಪ್ಪದವರೆಗೆ ನಡೆದೆವು. ಕಾಳಿ ನನ್ನ ಚೀಲ ಇಸಿದುಕೊಂಡು ಹೊತ್ತಳು. ಹಾಳಾದ ಕೆಲಸ ಹಾಳಾಗಿಯೇ ಹೋಯಿತು. ಮಾಡಿದ್ದು ನಾನೇ.

೧೯ ಡಿಸೆಂಬರ್

ಶನಿವಾರದ ಕ್ಲಾಸು ರದ್ದು. ಹೆಡ್‌ಮಾಸ್ಟರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದೊಂದು ನೆಮ್ಮದಿ.

೨ ಜನವರಿ ೧೯೫೬

ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟರಾಜು ಟಿಕೆಟ್ ಕಿಟಕಿ ಬಿಟ್ಟು ಓಡಿ ಬಂದ. ಕುರ್ಚಿ ಬಿಟ್ಟು ಎದ್ದ ಎಂದರೆ ಸಣ್ಣ ಸುದ್ದಿಯಲ್ಲ.

"ಟೀಚರ್, ಗೊತ್ತಾಯ್ತಾ? ಎಸ್ಟೇಟಲ್ಲಿ ಹೆಂಗಸ್ರು ಯಾರೂ ಮಕ್ಕಳನ್ನ ಬಿಡ್ತಾ ಇಲ್ವಂತೆ. ಬೆನ್ನಿಗೆ ಕಟ್ಕೊಂಡೇ ಪಿಕಿಂಗಿಗೆ ಹೋಗ್ತಾರಂತೆ!"

ಬಸ್ಸಿನ ಡ್ರೈವರ್ ಹೇಳಿದ್ದಂತೆ. ಕಾಳಿಯ ಜಾಗಕ್ಕೆ ರೈಟರ್ ತನ್ನ ಅತ್ತಿಗೆಯನ್ನು ಕೂರಿಸಿದ್ದ. ಚೋಮಿ ಎಂಬ ಕೊಯ್ಯುವ ಹೆಂಗಸು ಮೊದಲು ತನ್ನ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳಂತೆ. "ಆ ಅಕ್ಕ ಬರ್ಲಿ, ಆಮೇಲೆ ಬುಡ್ತೀವಿ." ಅವಳ ಹಿಂದೆ ಉಳಿದವರು. ಮಗುವನ್ನು ಗಿಡದ ಕೆಳಗೆ ಮಲಗಿಸಿ ಒಂದು ಬುಟ್ಟಿ ಕೊಯ್ಯುವುದು, ಅತ್ತರೆ ಬುಟ್ಟಿ ಕೆಳಗಿಟ್ಟು ಓಡುವುದು. ಹಣ್ಣು ಗಿಡದಲ್ಲೇ ಒಣಗುತ್ತಿದೆ. ಮ್ಯಾನೇಜರ್ ಲೈನಿಗೆ ತಾವೇ ಹೋಗಿ ಮಕ್ಕಳನ್ನು ಬಿಡಿ ಎಂದು ಕೇಳಿದರಂತೆ.

"ನಿನ್ನೆ ಕಾಳಿ ಮನೆಗೆ ಜೀಪು ಬಂದಿತ್ತು ಟೀಚರ್. ಹಾಲು ನನ್ನ ಕೈಗೇ ಬರ್ಬೇಕು, ತಾಯಂದ್ರ ಎದುರಿಗೇ ಹೊಯ್ಬೇಕು, ಹಂಗಾದ್ರೆ ಮಾತ್ರ ಬರ್ತೀನಿ ಅಂದ್ಳಂತೆ. ಒಪ್ಕೊಂಡ್ರಂತೆ!"

ರೈಟರಿಗೆ ಏನೂ ಆಗಿಲ್ಲ. ಹಾಗೇ ಇದ್ದಾನೆ. ಅದೊಂದು ಉರಿ ಉಳಿಯಿತು.

ಇಷ್ಟೆಲ್ಲ ಹೇಳಿ ಪುಟ್ಟರಾಜು, "ನಮ್ಮ ಕೊಡಗು ಮೈಸೂರಿಗೆ ಸೇರಿದ್ರೆ ನಂಗೂ ದೊಡ್ಡ ಆಫೀಸಲ್ಲಿ ಕೆಲಸ ಸಿಗುತ್ತಾ ಟೀಚರ್?" ಎಂದ. ಕಿಟಕಿಯ ಮುಂದೆ ಜನ ಕೂಗಾಡುತ್ತಿದ್ದರು. ಹೋಗಪ್ಪ ಎಂದೆ.

ಕಣ್ಣು ಒದ್ದೆಯಾಗಿತ್ತು. ಬಸ್ಸಿನ ಧೂಳು ಎಂದುಕೊಂಡೆ.

೭ ಜನವರಿ, ಶನಿವಾರ

ಕ್ಲಾಸು ಇಲ್ಲ. ಇಲ್ಲವೆಂದರೂ ಕೊನೆಯ ಪೀರಿಯಡ್ಡಿಗೆ ಕೊಠಡಿಯ ತುಂಬ ಮಕ್ಕಳು. ಹೋದ ವರ್ಷ ಬರಲೊಲ್ಲದ ಹೆಣ್ಣುಮಕ್ಕಳೂ ಇದ್ದರು. ಹೆಡ್‌ಮಾಸ್ಟರ್ ವರಾಂಡದಲ್ಲಿ ಎರಡು ಸಲ ಓಡಾಡಿದರು. ಒಳಗೆ ನೋಡಿದರು. ಕೆಮ್ಮಿದರು. ಹೋದರು. ಕರಿಕೆಯ ಮಾತು ಇನ್ನೂ ಎತ್ತಿಲ್ಲ. ಎತ್ತದೆ ಇರುವವರಲ್ಲ.

ಬಾಗಿಲಲ್ಲಿ ಸಣ್ಣಸ್ವಾಮಿ. ಪಕ್ಕದಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಒಂದು ಹುಡುಗಿ. ಮತ್ತೇನಾಯಿತೋ!

"ಕಾಳಿ ಕೆಲಸಕ್ಕೆ ಹೋಗವ್ಳೆ ಟೀಚರಮ್ಮ. ಇವಳು ಅವಳ ತಂಗಿ ಚಿನ್ನಿ." ಟವಲ್ಲು ತಿರುವುತ್ತಾ ನಿಂತ. "ಇವಳಿಗೂ ಕಲಿಸಿ."

"ಏನನ್ನ?"

"ಅದೇ... ಅವಳಿಗೆ ಕಲಿಸಿದ್ದು." ನನ್ನ ಮುಖ ನೋಡದೆ ಹೊರಟುಬಿಟ್ಟ.

ಸರಿ, ಬಾವಿಯ ಹತ್ತಿರ ನಿಲ್ಲಿಸುವುದರಿಂದ ಶುರು ಮಾಡೋಣವೆಂದು ಹುಡುಗಿಯನ್ನು ಹತ್ತಿರ ಕರೆದು ಹೆಸರು ಕೇಳಿದೆ. ಹೆಸರು ಹೇಳಿತು. ಹೆಸರಿಟ್ಟವರು ಯಾರು ಎಂದು ಹೇಳಿತು. ಅದು ತನಗೆ ಹಿಡಿಸದು ಎಂದಿತು. ನನ್ನ ಸೀರೆಯ ಅಂಚು ಬಿಚ್ಚಿದೆ ಎಂದಿತು, ಬೋರ್ಡಿನಲ್ಲಿ ನಾನು ಬರೆದದ್ದರಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದಿತು. ಕ್ಲಾಸೆಲ್ಲ ಗೊಳ್ಳೆಂದಿತು. ಗಂಟೆ ಹೊಡೆಯಿತು. ಎಲ್ಲರೂ ಹೋದರು. ಇದು ಗೇಟಿನವರೆಗೆ ನನ್ನ ಹಿಂದೆಯೇ ಬಂತು, ಮನೆಯ ಮೆಟ್ಟಿಲವರೆಗೂ ಬಂತು. ಈಗ ಜಗಲಿಯ ಮೇಲೆ ಕೂತು, ಒಳಗೆ ನಾನು ಏನು ಬರೆಯುತ್ತಿದ್ದೇನೆಂದು ಕೇಳುತ್ತಿದೆ. ಏನೂ ಇಲ್ಲ ಕಣೇ ಎಂದೆ. ಏನೂ ಇಲ್ಲದಿದ್ದರೆ ಯಾಕೆ ಬರೀತೀರಿ ಟೀಚರ್, ಅಂತ —