ಮಾಳಿಗೆಯ ಸೋಲಾರ್ ಪ್ಲೇಟು

ಇಳಕಲ್, ೨೦೦೮

ಅವ್ವಾ,

ನೀನು ತೀರಿಹೋದ ಮೇಲೆ ನಿನ್ನ ಮಗ್ಗಕ್ಕೆ ಇವತ್ತೇ ಮೊದಲ ಸಲ ನನ್ನ ಹೆಂಡತಿ ಶೀಲಾ ಕುಳಿತಳು. ಅದೇ ಸೋಲಾರ್ ದೀಪ ಹಾಕಿ, “ಬೆಳಕು ಚೊಲೋ ಐತಲ್ರಿ” ಎಂದಳು.

ಮಧ್ಯಾಹ್ನ ಮಾಳಿಗೆ ಹತ್ತಿ, ಸೋಲಾರ್ ಪ್ಲೇಟಿನ ಮೇಲಿನ ಕಲ್ಲುಗಣಿಯ ಧೂಳು ಒರೆಸಿ ಮೀಟರ್ ಹಿಡಿದೆ. ಹತ್ತು ವರ್ಷಗಳಲ್ಲಿ ಅದರ ಶಕ್ತಿ ಹತ್ತರಲ್ಲಿ ಒಂದು ಪಾಲೂ ಇಳಿದಿಲ್ಲ.

“ದೀಪ ಮಬ್ಬಾಗೇತೋ, ಎಳಿ ಕಾಣವಲ್ವು” ಎಂದು ನೀನು ಎರಡು ವರ್ಷ ಹೇಳಿದೆ. “ಪ್ಲೇಟಿಗೆ ವಯಸ್ಸಾತವ್ವಾ, ಇನ್ನ ಅಷ್ಟ” ಎಂದೆ ನಾನು. ಊರೂರು ತಿರುಗಿ ಹಳೆಯ ಪ್ಲೇಟುಗಳನ್ನು ಅಳೆಯುವ ನಾನು ನಮ್ಮ ಮಾಳಿಗೆಯನ್ನು ಒಮ್ಮೆಯೂ ಹತ್ತಲಿಲ್ಲ. ಕಣ್ಣಿನ ದವಾಖಾನೆ ಎರಡೇ ಓಣಿ ಆಚೆಗಿತ್ತು.

ನಿನ್ನ ಕೊನೆಯ ಸೀರೆಯಲ್ಲಿ ಗೇಣುದ್ದ ನೇಯ್ಗೆ ತಪ್ಪಿದೆ. ಶೀಲಾ ಬಿಚ್ಚಿ ಸರಿಮಾಡಲು ಹೋದಳು. ಬೇಡ ಎಂದೆ.

ಬಸವಂತ