ಖಾಲಿ ಮಾಡುವ ಮುಂಚೆ

11 ಡಿಸೆಂಬರ್ 1967
ಮತ್ತೆ ಹಂದಿ ಕಾಟ. ಕಾಡಂಚಿನ ಜೋಳ ನೆಲಕಚ್ಚಿದೆ. ಬಂದೂಕಿನ ಬಾಯಿಗೆ ಮದ್ದು ಸುರಿದು, ಛರ್ರಾ ಗುಂಡು ಹಾಕಿ, ಗಜದ ಕೋಲಿನಿಂದ ಜಡಿದು ಕೂತದ್ದೇ ಬಂತು. ಒಂದೂ ಎದುರು ಬರಲಿಲ್ಲ. ಅಜ್ಜನ ಕಾಲದ ಬಂದೂಕು, ತುಂಬಿದ ಮೇಲೆ ಸಿಡಿಸಿಯೇ ಖಾಲಿ ಮಾಡಬೇಕು. ಮದ್ದು ದಂಡ ಯಾಕೆ? ಹಾಗೇ ತಂದು ಗೂಟಕ್ಕೆ ನೇತುಹಾಕಿದೆ.
ದ್ರೌಪದಿ ಕೂಸನ್ನು ಆ ಗೋಡೆಯಿಂದ ದೂರ ಮಲಗಿಸಿದಳು. “ಒಂದಿನಾ ಮನಿಯಾಗೇ ಢಂ ಅಂತದ ನೋಡ್ರಿ.” ಹೆಂಗಸರ ಪುಕ್ಕಲುತನ.

14 ಡಿಸೆಂಬರ್
ಚಿಂಚೋಳಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಸೊಂಟ ಮುರಿಯಿತು. ಬಂದೂಕಿನ ಲೈಸೆನ್ಸ್ ಇದ್ದವರಿಗೆಲ್ಲ ಟ್ರೇನಿಂಗ್ ಅಂತೆ. ಕಲಿಸಿದವರು ಶೌಕತ ಅಲಿ, ಪೆನ್ಷನ್ ಆದ ಹವಾಲ್ದಾರ. ಗುರಿ ಕಲಿಸುತ್ತಾರೆಂದು ಹೋದರೆ ಮಾತಾಡುವುದು ಕಲಿಸಿದರು!
“ಬಂದೂಕ ಹಿಡದಾಂವ ಬೈಗುಳ ನುಂಗೂದು ಕಲೀಬೇಕ್ರಿ. ಸಿಟ್ಟಿಲೆ ಯಾರರೆ ಬಂದ್ರ ನಳಿಗಿ ನೆಲಕ್ಕ. ಬೆರಳು ಬಂದೂಕಿನ ಕುದುರಿಗಿ ಹತ್ತಬಾರದು. ಹೆಸರ ಹಿಡದು ಸಾವಕಾಶ ಕರೀರಿ. ಕುಂದ್ರಸ್ರಿ. ಹೋಗಾಕ ದಾರಿ ಬಿಡ್ರಿ.”
ಇನ್ನೊಂದು— ತುಂಬಿದ್ದನ್ನು ಮನೆಯೊಳಗೆ ಒಯ್ಯಬಾರದು. ಹೊರಗೇ ನೆಲಕ್ಕೆ ಹೊಡೆದು ಖಾಲಿ ಮಾಡಬೇಕು. “ಹೊಡಿಯೂ ಮುಂದ ಜೋರಲೆ ಒದರ್ರಿ— ಖಾಲಿ ಮಾಡ್ಲಿಕತ್ತೀನಿ! ಹುಂ, ಎಲ್ಲಾರೂ ಒದರ್ರಿ.”
ದನ ಅಟ್ಟುವವರ ಹಾಗೆ ಎಲ್ಲರೂ ಒದರಿದರು. ನನಗೆ ನಾಚಿಕೆ. ಬಾಯಿ ಆಡಿಸಿದೆ ಅಷ್ಟೆ.

20 ಡಿಸೆಂಬರ್
ಭಗವಂತ ಚಾವಡಿ ಮುಂದೆ ಮಾನ ಕಳೆದ. ದ್ರೌಪದಿಯ ಅಣ್ಣ ಅವನು, ಪಕ್ಕದ ಹೊಲದವನು. ನಡುವಿನ ಬದುವನ್ನು ನಾನು ಉತ್ತು ನುಂಗಿದೆನಂತೆ. “ತಂಗಿ ಮಕ ನೋಡಿ ಸುಮ್ನಿದ್ದೀನಿ. ಇಲ್ಲಂದ್ರ ಕಡದು ಬದುವಿನಾಗೇ ಹುಗೀತಿದ್ದೆ!”
ಒಂದು ಸಾಲು ಹೋಗಿರಬಹುದು. ನುಂಗಿದ್ದು ಎತ್ತು, ನಾನಲ್ಲ. ಹಾಗಂತ ಹೇಳಬಾರದಿತ್ತು. ಜನ ನಕ್ಕರು, ಅವನು ಇನ್ನಷ್ಟು ಉರಿದ.

23 ಡಿಸೆಂಬರ್, ದೀಪ ಹಚ್ಚುವ ಹೊತ್ತು
ಗೆದ್ದೆ! ಬರೆದೇ ಬಿಡುತ್ತೇನೆ.
ಹಂದಿಗೆ ಕಾದು ಕೂತಿದ್ದೆ. ಬದು ದಾಟಿ ಭಗವಂತ ಬಂದ, ಕೈಯಲ್ಲಿ ಕೊಡಲಿ, ಬಾಯಲ್ಲಿ ನನ್ನ ಅವ್ವನ ಹೆಸರು. ನಳಿಗೆ ನೆಲಕ್ಕೆ ಮಾಡಿದೆ. “ಭಗವಂತಾ, ಬಾ, ಕುಂದ್ರು. ಬದು ನಾಳಿಗಿ ಅಳಿಯೂಣು. ನೀ ಹೇಳಿದಲ್ಲೇ ಕಲ್ಲ ಇಡೂಣು.” ಎರಡು ಮೂರು ಸಲ ಅಂದೆ. ದುರುಗುಟ್ಟಿ ನೋಡಿದ. ಆಮೇಲೆ ಕೂತ! ಬುತ್ತಿಯ ರೊಟ್ಟಿ ಮುರಿದು ಕೊಟ್ಟೆ, ತಿಂದ. “ನಾಳಿಗಿ ಮುಂಜಾನಿ ಬರ್ತೀನಿ” ಅಂದು ಹಳೆಯ ಕಲ್ಲು ಖಣಿಯ ಅಂಚಿನ ದಾರಿ ಹಿಡಿದು ಹೋದ.
ಹವಾಲ್ದಾರರ ಕೈಗೆ ಮುತ್ತಿಡಬೇಕು. ಅವರು ಹೇಳಿದಂತೆಯೇ ಬಂದೂಕನ್ನು ನೆಲಕ್ಕೆ ಹೊಡೆದು ಖಾಲಿ ಮಾಡಿದೆ, ಮೊದಲ ಸಲ. ಖಣಿಯ ಕಡೆ ಏನೋ ಒದರಿದ ಹಾಗಾಯಿತು. ನರಿ ಇರಬೇಕು.

24 ಡಿಸೆಂಬರ್
ನರಿಯಲ್ಲ.

19 ಜನವರಿ 1968
ದ್ರೌಪದಿ ಗುಲಬರ್ಗಾ ದವಾಖಾನೆಯಿಂದ ಬಂದಳು. ಭಗವಂತನ ಕಾಲು ಉಳಿದಿದೆ, ನೆಟ್ಟಗಿಲ್ಲ. ಬೆನ್ನ ಹಿಂದೆ ಗುಂಡಿನ ಸದ್ದು ಕೇಳಿ ಓಡಿದ್ದಾನೆ. ಖಣಿ ಕಂಡಿಲ್ಲ, ಬಿದ್ದಿದ್ದಾನೆ.
ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದಿದ್ದೇನೆ. ಕಂಪ್ಲೇಂಟ್ ಅವನು ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು.
“ನೆಲಕ್ಕೇ ಹೊಡದೀರಿ, ನಾ ನಂಬ್ತೀನ್ರಿ. ಆದ್ರ ಅಣ್ಣ ಒಂದೇ ಕೇಳ್ತಾನ— ಹೊಡಿಯೂ ಮುಂದ ಒದರಿದ್ನೇನು, ಅಂತ. ಏನ್ ಹೇಳ್ಲಿ?”
ಅವತ್ತು ಬಾಯಿ ಕೂಡ ಆಡಿಸಿರಲಿಲ್ಲ.

11 ಫೆಬ್ರವರಿ
ಭಗವಂತ ಊರಿಗೆ ಬಂದ. ನೋಡಲು ಹೋದೆ. ಗೋಡೆಗೆ ಬೆನ್ನು ಹಚ್ಚಿ, ಊರುಗೋಲು ಹಿಡಿದು ನಿಂತೇ ಇದ್ದ. ಹೆಸರು ಹಿಡಿದು ಕರೆದೆ. ಅದೊಂದೇ ಗೊತ್ತು ನನಗೆ.
“ಹೆಸರ ಹಿಡೀಬ್ಯಾಡ. ಅವತ್ತೂ ಹಿಂಗೇ ಕರದಿ. ಅದಕ್ಕೇ ನಂಬಿ ಬೆನ್ನ ಮಾಡಿ ಹೋದೆ.”
ನೆಲಕ್ಕೆ ಹೊಡೆದೆ ಅಂದೆ. ಅತ್ತುಬಿಟ್ಟೆ. ಅವನು ಅಳಲಿಲ್ಲ.

12 ಫೆಬ್ರವರಿ
ದಾರಿಯಲ್ಲಿ ಸಿಕ್ಕ. ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತುಬಿಟ್ಟ, ನಾನು ದಾಟಿ ಹೋಗುವ ತನಕ.

2 ಮಾರ್ಚ್, ಸಂಜೆ
ದ್ರೌಪದಿ ತವರಿಂದ ಮಾತು ತಂದಳು. ಅಣ್ಣ ಹೇಳಿದ್ದು— “ಅವನೂ ನನಗ ಬೆನ್ನ ಮಾಡಿ ನಡೀಲಿ. ಬದುವಿನ ಈ ತುದಿಯಿಂದ ಆ ತುದಿ ತನಕ. ತಿರುಗಿ ನೋಡಬಾರದು. ಆಮ್ಯಾಗ ಅವನ ಮಾತ ನಂಬೂದೋ ಬಿಡೂದೋ ಹೇಳ್ತೀನಿ.”
ಹೂಂ ಅಂದೆ. ಬೇರೆ ಏನು ಅನ್ನಲಿ? ಅವನಿಗೆ ಕೊಡಲು ನನ್ನ ಹತ್ತಿರ ಇನ್ನೇನೂ ಇಲ್ಲ.
ಹೊರಗೆ ಕಾಣುತ್ತಿದ್ದಾನೆ. ಬದುವಿನ ಮೇಲೆ ನಿಂತಿದ್ದಾನೆ. ಒಂದು ಕೈಯಲ್ಲಿ ಊರುಗೋಲು. ಇನ್ನೊಂದರಲ್ಲಿ ಕೊಡಲಿ. ದಿನಾ ಹಿಡಿಯುವುದೇ, ಕಟ್ಟಿಗೆಗೆ ಇರಬಹುದು.
ಭಯವಾಗುತ್ತಿದೆ. ಹೊರಡಬೇಕು. ಕೂಸನ್ನು ಎತ್ತಿಕೊಂಡು ದ್ರೌಪದಿ ಬಾಗಿಲಲ್ಲಿ ಅಡ್ಡ ನಿಂತಿದ್ದಾಳೆ, ಕೇಳುತ್ತಿದ್ದಾಳೆ—
“ಅಣ್ಣ ಮೊದಲ ಒದರ್ತಾನೇನ್ರಿ?”
ಒದರಬಹುದು, ಅಂದೆ. ಒದರಿದರೂ ನಾನು ತಿರುಗಿ ನೋಡುವ ಹಾಗಿಲ್ಲವಲ್ಲ. ಬಂದ ಮೇಲೆ ಮಿಕ್ಕಿದ್ದು ಬರೆಯುತ್ತೇನೆ.